ಹಣ್ಣಿನ ಸಕ್ಕರೆಯ ಉಸಿರು ಪರೀಕ್ಷೆ: ಬೆಂಗಳೂರಿನ ಆಸ್ಪತ್ರೆಯೊಂದರ ಸೇವೆ ಹೇಗಿತ್ತು

ಬೆಂಗಳೂರಿನ ದಕ್ಷಿಣ ಭಾಗದ ಖಾಸಗಿ ಆಸ್ಪತ್ರೆಯೊಂದರ ಜಠರ ಮತ್ತು ಕರುಳು ವಿಭಾಗದಲ್ಲಿ ಕಳೆದ ಬೇಸಿಗೆಯಲ್ಲಿ ನಾನು ಫ್ರಕ್ಟೋಸ್ ಉಸಿರು ಪರೀಕ್ಷೆ ಮಾಡಿಸಿಕೊಂಡೆ. ಅದರ ಬೆನ್ನಿಗೇ ಅಲ್ಲಿನ ಆಹಾರತಜ್ಞೆಯನ್ನು ಎರಡು ಬಾರಿ ಕಂಡೆ. ಮೆಚ್ಚುಗೆಯ ಜೊತೆಗೆ ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹಣ್ಣು ತಿಂದರೆ ಹೊಟ್ಟೆ ಕೆಡುತ್ತದೆ ಎಂದರೆ ಮನೆಯವರೇ ನಂಬದಂಥ ಸ್ಥಿತಿಯಲ್ಲಿ ಇರುವವರು, ಈ ಪರೀಕ್ಷೆಗೆ ಹಣ ಕಟ್ಟುವ ಮೊದಲು ಏನನ್ನು ಕೇಳಿ ತಿಳಿದುಕೊಳ್ಳಬೇಕು ಎಂಬುದಕ್ಕೆ ಈ ಬರಹ ನೆರವಾಗಲಿ ಎಂಬುದು ನನ್ನ ಆಸೆ.

ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ನನ್ನ ಕೆಲಸ. ಪಾಠದ ನಡುವೆ ಹೊಟ್ಟೆ ಗುಡುಗುಡು ಎನ್ನುವುದು, ಮಧ್ಯಾಹ್ನದ ಹೊತ್ತಿಗೆ ಉಟ್ಟ ಬಟ್ಟೆ ಸೊಂಟದ ಬಳಿ ಬಿಗಿಯಾಗುವಷ್ಟು ಉಬ್ಬರ, ಒಮ್ಮೊಮ್ಮೆ ತರಗತಿಯನ್ನು ಅರ್ಧಕ್ಕೇ ಬಿಟ್ಟು ಓಡಬೇಕಾದಂಥ ಭೇದಿ, ಇವೆಲ್ಲ ಸುಮಾರು ನಾಲ್ಕು ವರ್ಷ ಕಾಡಿದವು. ಗ್ಯಾಸ್ಟ್ರಿಕ್ ಮಾತ್ರೆ, ಜಂತುಹುಳುವಿನ ಮಾತ್ರೆ, ಜೀರಿಗೆ ಕಷಾಯ, ಓಮದ ನೀರು ಎಲ್ಲ ಆದವು. ಎಂಡೋಸ್ಕೋಪಿಯಲ್ಲಿ ಏನೂ ಸಿಗಲಿಲ್ಲ. ಹಿರಿಯರ ಮಾತಿನಂತೆ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರಿನಲ್ಲಿ ಎರಡು ಚಮಚ ಜೇನುತುಪ್ಪ ಕದಡಿ ಕುಡಿಯುತ್ತಿದ್ದೆ, ಹತ್ತೂವರೆಗೆ ಸ್ಟಾಫ್ ರೂಮಿನಲ್ಲಿ ಒಂದು ಸೇಬು ತಿನ್ನುತ್ತಿದ್ದೆ. ಅನ್ನ ಸಾರನ್ನು ಕಡಿಮೆ ಮಾಡಿ ಹಣ್ಣನ್ನು ಹೆಚ್ಚು ಮಾಡಿದಷ್ಟೂ ತೊಂದರೆ ಏರುತ್ತಲೇ ಹೋಯಿತು. ಮಾವಿನ ಕಾಲದಲ್ಲಿ ಅಕ್ಕನ ಮನೆಯಲ್ಲಿ ಎರಡು ಬಟ್ಟಲು ಶೀಕರಣೆ ತಿಂದು ರಾತ್ರಿಯಿಡೀ ಒದ್ದಾಡಿದ ಮೇಲೆ, ಹಣ್ಣಿಗೂ ನನ್ನ ಹೊಟ್ಟೆಗೂ ಏನೋ ಇದೆ ಎಂಬ ಅನುಮಾನ ಮೊದಲ ಬಾರಿಗೆ ಬಲವಾಯಿತು. ತುಮಕೂರಿನ ನಮ್ಮ ವೈದ್ಯರು ಅದನ್ನು ತಳ್ಳಿಹಾಕದೆ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

ಪರೀಕ್ಷೆಯ ಬಗ್ಗೆ ಹೇಳುವ ಮೊದಲು ತೊಂದರೆಯ ಬಗ್ಗೆ ಎರಡು ಮಾತು ಅಗತ್ಯ. ಫ್ರಕ್ಟೋಸ್ ಎಂಬುದು ಹಣ್ಣು ಮತ್ತು ಜೇನಿನಲ್ಲಿ ಧಾರಾಳವಾಗಿರುವ ಸಕ್ಕರೆ. ಸಣ್ಣಕರುಳಿನ ಗೋಡೆಯಲ್ಲಿ ಅದನ್ನು ಒಳಗೆ ಬಿಟ್ಟುಕೊಳ್ಳಲು ಗ್ಲೂಟ್-5 ಎಂಬ ಪ್ರೋಟೀನಿನ ಬಾಗಿಲುಗಳಿವೆ, ಮತ್ತು ಆ ಬಾಗಿಲುಗಳ ಸಾಮರ್ಥ್ಯ ಒಬ್ಬರಿಂದೊಬ್ಬರಿಗೆ ಬಹಳ ಬೇರೆಯಾಗಿರುತ್ತದೆ. ಜೊತೆಯಲ್ಲಿ ಗ್ಲೂಕೋಸ್ ಇದ್ದರೆ ಫ್ರಕ್ಟೋಸ್ ಹೆಚ್ಚು ಸಲೀಸಾಗಿ ಒಳಗೆ ಹೋಗುತ್ತದೆ. ಗ್ಲೂಕೋಸಿಗಿಂತ ಫ್ರಕ್ಟೋಸ್ ಹೆಚ್ಚಾಗಿರುವ ಆಹಾರದಲ್ಲಿ ಆ ಹೆಚ್ಚುವರಿ ಪಾಲು ಹಿಂದೆ ಉಳಿಯುತ್ತದೆ. ಉಳಿದದ್ದು ಸಣ್ಣಕರುಳಿಗೆ ನೀರನ್ನು ಎಳೆದುಕೊಂಡು ದೊಡ್ಡಕರುಳಿಗೆ ಜಾರುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅನಿಲ ಮಾಡುತ್ತವೆ. ಭೇದಿಗೆ ಆ ನೀರು ಕಾರಣ, ಉಬ್ಬರಕ್ಕೆ ಆ ಅನಿಲ ಕಾರಣ. ಆ ಅನಿಲದಲ್ಲಿರುವ ಹೈಡ್ರೋಜನ್ ಉಸಿರಿನಲ್ಲಿ ಎಷ್ಟು ಹೊರಬರುತ್ತದೆ ಎಂದು ಅಳೆಯುವುದೇ ಈ ಪರೀಕ್ಷೆ. 100 ಗ್ರಾಂ ಸೇಬಿನಲ್ಲಿ ಸುಮಾರು 6 ಗ್ರಾಂ ಫ್ರಕ್ಟೋಸ್ ಇದ್ದರೆ ಗ್ಲೂಕೋಸ್ ಅದರ ಅರ್ಧಕ್ಕಿಂತ ಕಡಿಮೆ, ಸಾಲದ್ದಕ್ಕೆ ಫ್ರಕ್ಟೋಸಿನ ಹೀರುವಿಕೆಗೆ ಇನ್ನಷ್ಟು ಅಡ್ಡಿಯಾಗುವ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ಸಿಹಿ ವಸ್ತುವೂ ಸೇಬಿನಲ್ಲಿದೆ. ಜೇನಿನಲ್ಲೂ ಫ್ರಕ್ಟೋಸಿನದೇ ಮೇಲುಗೈ. ಆರೋಗ್ಯಕ್ಕೆಂದು ನಾನು ನಂಬಿ ನಡೆಸಿದ ಎರಡು ಅಭ್ಯಾಸಗಳೇ ನನ್ನ ಹೊಟ್ಟೆಗೆ ಅತ್ಯಂತ ಭಾರವಾಗಿದ್ದವು.

ಆಸ್ಪತ್ರೆಯಲ್ಲಿ ನನಗೆ ಮೊದಲು ಹಿಡಿಸಿದ್ದು ವೈದ್ಯರು ಪರೀಕ್ಷೆ ಬರೆಯುವ ಮೊದಲು ಕೇಳಿದ ಪ್ರಶ್ನೆಗಳು. ಎಳವೆಯಲ್ಲಿ ಹಣ್ಣು ಅಥವಾ ಸಿಹಿ ತಿನ್ನಿಸಲು ಶುರು ಮಾಡಿದಾಗ ವಾಂತಿ, ಬೆವರು, ಪ್ರಜ್ಞೆ ತಪ್ಪುವುದು ಆಗಿತ್ತೇ, ಮನೆತನದಲ್ಲಿ ಯಾರಿಗಾದರೂ ಸಿಹಿ ಕಂಡರೇ ಆಗದಂತಿತ್ತೇ, ಯಕೃತ್ತಿನ ಕಾಯಿಲೆ ಇದೆಯೇ ಎಂದು ಬಿಡಿಸಿ ಬಿಡಿಸಿ ಕೇಳಿದರು. ಇದು ಬರಿಯ ಶಿಷ್ಟಾಚಾರವಲ್ಲ. ಹುಟ್ಟಿನಿಂದ ಬರುವ ಫ್ರಕ್ಟೋಸ್ ಅಸಹಿಷ್ಣುತೆ ಎಂಬ ವಿರಳ ಕಾಯಿಲೆಯೊಂದು ಬೇರೆಯೇ ಇದೆ. ಅದರಲ್ಲಿ ಕರುಳು ಸಕ್ಕರೆಯನ್ನು ಹೀರಿಕೊಳ್ಳುತ್ತದೆ, ಆದರೆ ಯಕೃತ್ತಿನಲ್ಲಿ ಅದನ್ನು ಒಡೆಯಬೇಕಾದ ಆಲ್ಡೊಲೇಸ್-ಬಿ ಎಂಬ ಕಿಣ್ವ ಕೆಲಸ ಮಾಡುವುದಿಲ್ಲ. ಅಂಥವರಿಗೆ ಫ್ರಕ್ಟೋಸ್ ಕುಡಿಸಿದರೆ ರಕ್ತದ ಗ್ಲೂಕೋಸ್ ಅಪಾಯಕಾರಿಯಾಗಿ ಕುಸಿಯಬಹುದು. ಅವರು ಸಕ್ಕರೆ, ಬೆಲ್ಲವನ್ನೂ ಮುಟ್ಟುವಂತಿಲ್ಲ. ಈ ಕಾಯಿಲೆಯ ಹೆಸರೂ, ಕರುಳು ಫ್ರಕ್ಟೋಸನ್ನು ಪೂರ್ತಿ ಹೀರದ ನನ್ನಂಥವರ ತೊಂದರೆಯ ಹೆಸರೂ ಕೇಳಲು ಒಂದೇ ಬಗೆ ಇರುವುದರಿಂದ ಓದುಬರಹ ಬಲ್ಲವರೂ ಇವನ್ನು ಗೊಂದಲ ಮಾಡಿಕೊಳ್ಳುತ್ತಾರೆ. ಈ ಪ್ರಶ್ನೆಗಳನ್ನು ಕೇಳದೆ ನೇರವಾಗಿ ಲೋಟ ಕೈಗಿಡುವ ಕಡೆ ಯಾರೂ ಈ ಪರೀಕ್ಷೆಗೆ ಕೂರಬಾರದು.

ಪೂರ್ವಸಿದ್ಧತೆಯ ನಿಯಮಗಳು ಕಟ್ಟುನಿಟ್ಟಾಗಿದ್ದವು. ಹಿಂದಿನ ನಾಲ್ಕು ವಾರ ಆ್ಯಂಟಿಬಯೋಟಿಕ್ ತೆಗೆದುಕೊಂಡಿರಬಾರದು. ಒಂದು ವಾರದಿಂದ ಭೇದಿ ಮಾಡಿಸುವ ಔಷಧಿ ಬೇಡ. ಹಿಂದಿನ ದಿನ ಬೇಳೆ, ಕಾಳು, ತರಕಾರಿ, ಹಣ್ಣು, ಹಾಲು, ಗೋಧಿ ಬೇಡ. ರಾತ್ರಿ ಎಂಟರ ಮೇಲೆ ನೀರು ಮಾತ್ರ. ಹಾಗಾದರೆ ತಿನ್ನುವುದೇನು ಎಂದರೆ ಬಿಳಿ ಅನ್ನ, ಉಪ್ಪು, ಬೇಯಿಸಿದ ಮೊಟ್ಟೆ. ಅಕ್ಕಿಯ ಪಿಷ್ಟ ಬಹುಮಟ್ಟಿಗೆ ಸಣ್ಣಕರುಳಿನಲ್ಲೇ ಮುಗಿದುಹೋಗುವುದರಿಂದ ಮರುದಿನ ಬೆಳಗ್ಗೆ ಬ್ಯಾಕ್ಟೀರಿಯಾಗಳಿಗೆ ಹುದುಗಿಸಲು ಏನೂ ಉಳಿದಿರುವುದಿಲ್ಲ, ಉಸಿರಿನ ಮೊದಲ ಅಳತೆ ಶುದ್ಧವಾಗಿ ಸಿಗುತ್ತದೆ. ಕಾರಣ ಗೊತ್ತಾದರೆ ಒಂದು ದಿನ ಬಿಳಿ ಅನ್ನ ಉಣ್ಣುವುದು ಯಾರಿಗೂ ಕಷ್ಟವಲ್ಲ. ಆದರೆ ಈ ಎಲ್ಲ ಸೂಚನೆಯೂ ಒಂದು ಇಂಗ್ಲಿಷ್ ಹಾಳೆಯಲ್ಲಿತ್ತು, ಕಾರಣ ಎಲ್ಲಿಯೂ ಇರಲಿಲ್ಲ. ಅದರ ಫಲವನ್ನು ಮರುದಿನ ಕಣ್ಣಾರೆ ಕಂಡೆ.

ಬೆಳಗ್ಗೆ ಎಂಟು ಗಂಟೆಗೆ ನಮ್ಮನ್ನು ಮೂವರನ್ನು ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿದರು. ಒಬ್ಬರು ಚನ್ನಪಟ್ಟಣದ ಕಡೆಯ ಅಜ್ಜಿ, ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯ ಪರೀಕ್ಷೆಗೆ ಮೊದಲ ಬಸ್ಸು ಹಿಡಿದು ಬಂದಿದ್ದವರು. ಅವರ ಮೊದಲ ಉಸಿರಿನಲ್ಲೇ ಹೈಡ್ರೋಜನ್ 34 ಪಿಪಿಎಂ ತೋರಿಸಿತು, ಅಂದರೆ ಏನನ್ನೂ ಕುಡಿಯುವ ಮೊದಲೇ ಉಸಿರಿನ ಹತ್ತು ಲಕ್ಷ ಭಾಗದಲ್ಲಿ 34 ಭಾಗ. ಸಿಸ್ಟರ್ ಹತ್ತಿರ ಕೂತು, "ಅಮ್ಮಾ, ನಿನ್ನೆ ರಾತ್ರಿ ಏನು ಊಟ ಮಾಡಿದ್ರಿ?" ಎಂದು ಕೇಳಿದರು. "ಮುದ್ದೆ, ಹುರುಳಿಕಾಳು ಸಾರು ಕಣವ್ವ. ಅನ್ನ ಮುಟ್ಟಲಿಲ್ಲ, ಶುಗರ್ ಐತೆ ಅಂತ" ಎಂದರು ಅಜ್ಜಿ. ಹಾಳೆಯನ್ನು ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದರು, ಓದಿ ಹೇಳುವವರು ಮನೆಯಲ್ಲಿ ಇರಲಿಲ್ಲ. ಸಿಸ್ಟರ್ ಪರೀಕ್ಷೆಯನ್ನು ಮುಂದುವರಿಸಿ ಹಣ ಉಳಿಸಿಕೊಳ್ಳಬಹುದಿತ್ತು. ಹಾಗೆ ಮಾಡದೆ, ಇವತ್ತು ಮಾಡಿದರೆ ಲೆಕ್ಕ ತಪ್ಪಾಗುತ್ತದೆ ಎಂದು ತಿಳಿಸಿ, ಹೆಚ್ಚಿನ ಶುಲ್ಕವಿಲ್ಲದೆ ಮುಂದಿನ ವಾರಕ್ಕೆ ದಿನ ಬರೆದುಕೊಟ್ಟು, ತಿನ್ನಬೇಕಾದ್ದನ್ನು ಕನ್ನಡದಲ್ಲಿ ಎರಡು ಸಲ ಹೇಳಿ ಕಳಿಸಿದರು. ಸಿಸ್ಟರ್ ಪ್ರಾಮಾಣಿಕತೆಗೆ ನನ್ನ ಪೂರ್ಣ ಗೌರವವಿದೆ. ಆದರೆ ಕರ್ನಾಟಕದ ಆಸ್ಪತ್ರೆಯೊಂದು ಒಂದು ಪುಟದ ಕನ್ನಡ ಸೂಚನೆ ಅಚ್ಚು ಹಾಕಿಸದ ಕಾರಣಕ್ಕೆ ಎಪ್ಪತ್ತು ದಾಟಿದವರೊಬ್ಬರು ಹಸಿದ ಹೊಟ್ಟೆಯಲ್ಲಿ ಬಂದ ದಾರಿಯಲ್ಲೇ ವಾಪಸು ಹೋಗಬೇಕಾಯಿತು ಎಂಬುದನ್ನು ನಾನು ಸಣ್ಣ ತಪ್ಪೆಂದು ಎಣಿಸಲಾರೆ.

ನನ್ನ ಮೊದಲ ಅಳತೆ 4 ಬಂತು. ಬಾಯಿ ಮುಕ್ಕಳಿಸಿದ ಮೇಲೆ 250 ಮಿಲಿ ನೀರಿನಲ್ಲಿ ಕರಗಿಸಿದ 25 ಗ್ರಾಂ ಫ್ರಕ್ಟೋಸ್ ಕೊಟ್ಟರು. ಮನೆಯ ಸಕ್ಕರೆಗಿಂತ ಹರಿತವಾದ ಸಿಹಿ, ಗಂಟಲಲ್ಲಿ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ. ಆಮೇಲೆ ಅರ್ಧ ಗಂಟೆಗೊಮ್ಮೆ ಉಸಿರನ್ನು ಹದಿನೈದು ಸೆಕೆಂಡು ಹಿಡಿದು, ರಟ್ಟಿನ ಕೊಳವೆಯ ಮೂಲಕ ನಿಧಾನವಾಗಿ ಚೀಲಕ್ಕೆ ಊದಬೇಕು. ಚೀಲದ ಗಾಳಿಯನ್ನು ಯಂತ್ರಕ್ಕೆ ಕೊಟ್ಟು ಅಂಕಿಯನ್ನು ಗೋಡೆಯ ಬಿಳಿ ಹಲಗೆಯ ಮೇಲೆ ಬರೆಯುತ್ತಿದ್ದರು. 30 ನಿಮಿಷಕ್ಕೆ 6, 60ಕ್ಕೆ 17, 90ಕ್ಕೆ 48, 120ಕ್ಕೆ 71, 150ಕ್ಕೆ 62, 180ಕ್ಕೆ 40. ಎಪ್ಪತ್ತನೆಯ ನಿಮಿಷದ ಸುಮಾರಿಗೆ ಹೊಟ್ಟೆಯಲ್ಲಿ ಪರಿಚಿತ ಗುಡುಗು ಶುರುವಾಯಿತು, ತೊಂಬತ್ತರ ಹೊತ್ತಿಗೆ ಹೊಕ್ಕುಳ ಸುತ್ತ ಹಿಂಡಿದಂತಾಯಿತು. ನಾಲ್ಕು ವರ್ಷ "ನಿಮ್ಮದು ಬರೀ ಟೆನ್ಷನ್" ಎಂದು ಕೇಳಿಸಿಕೊಂಡ ಸಂಕಟಕ್ಕೆ ಹಲಗೆಯ ಮೇಲೆ ಒಂದು ಅಂಕಿ ಕಂಡಾಗ ನನಗೆ ಕಣ್ಣು ತುಂಬಿ ಬಂತು.

ಮನುಷ್ಯನ ಜೀವಕೋಶಗಳು ಹೈಡ್ರೋಜನ್ ಅನಿಲವನ್ನು ತಯಾರಿಸುವುದಿಲ್ಲ. ಉಸಿರಿನಲ್ಲಿ ಅದು ಏರಿತೆಂದರೆ ಕರುಳಿನ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಸಿಕ್ಕಿದೆ, ಅನಿಲ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಬರುತ್ತಿದೆ ಎಂದೇ ಅರ್ಥ. ಅಮೆರಿಕದ ಮೈಕಲ್ ಲೆವಿಟ್ ಎಂಬ ವೈದ್ಯರು 1969ರಲ್ಲಿ ಪ್ರಕಟಿಸಿದ ಕೆಲಸದಿಂದ ಈ ವಿಧಾನಕ್ಕೆ ಬುನಾದಿ ಸಿಕ್ಕಿತು. ಉತ್ತರ ಅಮೆರಿಕದ ತಜ್ಞರು ಒಮ್ಮತದಿಂದ 2017ರಲ್ಲಿ ಹೊರತಂದ ಸೂಚನೆಯ ಪ್ರಕಾರ 25 ಗ್ರಾಂ ಫ್ರಕ್ಟೋಸ್ ಕೊಟ್ಟು ಮೂರು ಗಂಟೆ ಅಳೆಯಬೇಕು, ಮೊದಲ ಅಳತೆಗಿಂತ ಹೈಡ್ರೋಜನ್ 20 ಪಿಪಿಎಂ ಅಥವಾ ಹೆಚ್ಚು ಏರಿದರೆ ಹೀರುವಿಕೆ ಅಪೂರ್ಣವೆಂದು ಲೆಕ್ಕ. ಪ್ರಮಾಣ ಇಲ್ಲಿ ಬಹಳ ಮುಖ್ಯ. ಹಿಂದೆ 50 ಗ್ರಾಂ ಕೊಡುವ ರೂಢಿಯೂ ಇತ್ತು, ಅಷ್ಟು ಕುಡಿಸಿದರೆ ಯಾವ ತೊಂದರೆಯೂ ಇಲ್ಲದ ಆರೋಗ್ಯವಂತರಲ್ಲಿ ಕೂಡ ಬಹಳಷ್ಟು ಮಂದಿಗೆ ಪೂರ್ತಿ ಹೀರಿಕೊಳ್ಳಲಾಗುವುದಿಲ್ಲ. ಎಷ್ಟು ಗ್ರಾಂ ಕೊಡುತ್ತೀರಿ ಎಂದು ಫೋನಿನಲ್ಲೇ ಕೇಳಿಕೊಳ್ಳುವುದು ಒಳ್ಳೆಯದು.

ಯಂತ್ರದ ವಿಷಯವನ್ನೂ ಕೇಳಬೇಕು. ಕೆಲವರ ಕರುಳಿನಲ್ಲಿ ಹೈಡ್ರೋಜನನ್ನು ಬಳಸಿಕೊಂಡು ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಹೆಚ್ಚಾಗಿರುತ್ತವೆ. ಅಂಥವರ ಹೈಡ್ರೋಜನ್ ಅಂಕಿ ತಣ್ಣಗೆ ಮಲಗಿದ್ದರೂ ಹೊಟ್ಟೆ ಉಬ್ಬಿರುತ್ತದೆ. ಹೈಡ್ರೋಜನ್ ಒಂದನ್ನೇ ಅಳೆಯುವ ಕೈಯಂತ್ರ ಇಂಥವರಿಗೆ ಏನೂ ಇಲ್ಲವೆಂದು ಹೇಳಿಬಿಡುತ್ತದೆ. ನಾನು ಹೋದ ಕಡೆ ಎರಡೂ ಅನಿಲಗಳನ್ನು ಅಳೆಯುವ ಯಂತ್ರವಿತ್ತು. ಪ್ರತಿ ಊದುವಿಕೆಯ ಜೊತೆಗೆ ಉಬ್ಬರ, ನೋವು, ಗುಡುಗು, ವಾಕರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಲು ಒಂದು ಪಟ್ಟಿಯನ್ನೂ ಕೊಟ್ಟಿದ್ದರು. ಈ ಪಟ್ಟಿ ಯಂತ್ರದಷ್ಟೇ ಬೆಲೆಯುಳ್ಳದ್ದು, ಏಕೆಂದರೆ ಸಕ್ಕರೆ ಹೀರದೆ ಉಳಿಯುವುದು ಬೇರೆ, ಅದರಿಂದ ತೊಂದರೆಯಾಗುವುದು ಬೇರೆ. ಅನಿಲ ಏರಿಯೂ ಏನೂ ಆಗದವರು ಹಣ್ಣು ಬಿಡಬೇಕಾದ ಅಗತ್ಯವೇ ಇಲ್ಲ. ವಿಷಾದವೆಂದರೆ ಮೂರು ದಿನದ ಮೇಲೆ ಕೈಗೆ ಬಂದ ವರದಿಯಲ್ಲಿ ಅಂಕಿಗಳ ನಕ್ಷೆಯೂ "ಪಾಸಿಟಿವ್" ಎಂಬ ಒಂದು ಪದವೂ ಇದ್ದವೇ ಹೊರತು, ನಾನು ಅಷ್ಟು ಶ್ರದ್ಧೆಯಿಂದ ತುಂಬಿದ ಪಟ್ಟಿಯ ಸುಳಿವೇ ಇರಲಿಲ್ಲ. ವೈದ್ಯರಿಗೆ ಅದನ್ನು ನಾನೇ ನೆನಪಿಸಬೇಕಾಯಿತು. ಕಡತದಿಂದ ತರಿಸಿ ನೋಡಿದ ಮೇಲೆಯೇ, ಅಂಕಿ ಏರಿದ ಹೊತ್ತಿಗೇ ನೋವೂ ಏರಿದೆ ಎಂದು ಅವರು ಖಚಿತವಾಗಿ ಹೇಳಿದರು.

ಆಹಾರತಜ್ಞೆಯ ಮೊದಲ ಭೇಟಿ ಈ ಸೇವೆಯ ಅತ್ಯಂತ ದುರ್ಬಲ ಭಾಗ. ಹತ್ತು ನಿಮಿಷ, ಒಂದು ಮುದ್ರಿತ ಹಾಳೆ. ಬಿಡಬೇಕಾದವುಗಳಲ್ಲಿ ಪೇರ್, ಆಸ್ಪ್ಯಾರಗಸ್, ಆರ್ಟಿಚೋಕ್. ತಿನ್ನಬಹುದಾದವುಗಳಲ್ಲಿ ಕಿನೊವಾ, ಬ್ಲೂಬೆರಿ, ಲೆಟ್ಯೂಸ್. ಮಾವು ಇರಲಿಲ್ಲ, ಹಲಸು ಇರಲಿಲ್ಲ, ರಾಗಿ ಇರಲಿಲ್ಲ, ಸಾರಿನ ಹೆಸರೇ ಇರಲಿಲ್ಲ. ಬೆಲ್ಲ ತಿನ್ನಬಹುದೇ ಎಂದು ಕೇಳಿದ್ದಕ್ಕೆ, ಸಿಹಿಯೆಲ್ಲ ಬಿಡಿ ಎಂಬ ಉತ್ತರ ಬಂತು. ಅದು ಸರಿಯಲ್ಲ. ಸಕ್ಕರೆಯಲ್ಲಿರುವುದು ಸುಕ್ರೋಸ್, ಬೆಲ್ಲದಲ್ಲಿಯೂ ಬಹುಪಾಲು ಅದೇ. ಅದು ಕರುಳಿನಲ್ಲಿ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸಮಸಮವಾಗಿ ಸಿಗುತ್ತದೆ. ಆದ್ದರಿಂದ ಮಿತವಾದ ಸಕ್ಕರೆ ಬೆಲ್ಲವನ್ನು ನನ್ನಂಥ ಬಹಳ ಮಂದಿ ತಡೆದುಕೊಳ್ಳುತ್ತಾರೆ. ಸಕ್ಕರೆಗೆ ಬದಲಾಗಿ ಜೇನು ಬಳಸುವುದು, ಶುಗರ್‌ಫ್ರೀ ಎಂದು ಸಾರ್ಬಿಟಾಲ್ ಹಾಕಿದ ಚೂಯಿಂಗ್ ಗಮ್ ಅಗಿಯುವುದು ನಮಗೆ ಹೆಚ್ಚು ಕೇಡು.

ಎರಡನೆಯ ಭೇಟಿಯಲ್ಲಿ ಬೇರೊಬ್ಬ ಹಿರಿಯ ಆಹಾರತಜ್ಞೆ ಸಿಕ್ಕರು, ಮತ್ತು ಇಡೀ ಸೇವೆಗೆ ಕೊಟ್ಟ ಹಣ ಆ ಐವತ್ತು ನಿಮಿಷದಲ್ಲಿ ಸಾರ್ಥಕವಾಯಿತು. ಅವರು ಮುದ್ರಿತ ಹಾಳೆಯನ್ನು ಪಕ್ಕಕ್ಕಿಟ್ಟು, "ನಿಮ್ಮ ಮನೆಯಲ್ಲಿ ಸೋಮವಾರದಿಂದ ಏನೇನು ಅಡುಗೆ ಆಯ್ತು, ಹೇಳಿ" ಎಂದರು. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ, ಸರಿಯಾಗಿ ಹೀರದೆ ಕರುಳಿನಲ್ಲಿ ಹುದುಗುವ ಸಕ್ಕರೆಗಳನ್ನು ಕಡಿಮೆ ಮಾಡುವ ಫಾಡ್‌ಮ್ಯಾಪ್ ಕ್ರಮ ಜೀವನಪರ್ಯಂತದ ಪಥ್ಯವಲ್ಲ, ಎರಡರಿಂದ ಆರು ವಾರ ಬಿಗಿಯಾಗಿ ಬಿಟ್ಟು, ಆಮೇಲೆ ಒಂದೊಂದನ್ನೇ ಮರಳಿ ತಿಂದು ನೋಡಿ, ಕೊನೆಗೆ ನಮಗೆ ಆಗದ್ದನ್ನು ಮಾತ್ರ ಬಿಡುವ ಮೂರು ಹಂತದ ಕೆಲಸ ಎಂದು ವಿವರಿಸಿದರು. ಫ್ರಕ್ಟೋಸ್ ಆಗದವರಲ್ಲಿ ಹಲವರಿಗೆ ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಸರಪಳಿ ಸಕ್ಕರೆಯೂ, ಬೇಳೆಕಾಳಿನ ಗ್ಯಾಲಕ್ಟೋಸ್ ಸರಪಳಿಗಳೂ ತೊಂದರೆ ಕೊಡುತ್ತವೆ. ಇವನ್ನು ಒಡೆಯುವ ಕಿಣ್ವ ಯಾವ ಮನುಷ್ಯರ ಕರುಳಿನಲ್ಲೂ ಇಲ್ಲ, ಅನಿಲ ಎಲ್ಲರಲ್ಲೂ ಆಗುತ್ತದೆ, ಸೂಕ್ಷ್ಮ ಕರುಳಿನವರಿಗೆ ಮಾತ್ರ ಅದು ನೋವಾಗುತ್ತದೆ ಎಂದರು.

ಅವರಿಂದ ಕಲಿತ ಎರಡು ಸಂಗತಿಗಳು ನಮ್ಮ ಅಡುಗೆಮನೆಯನ್ನೇ ಬದಲಿಸಿದವು. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಒಗ್ಗರಣೆಯ ಎಣ್ಣೆಯಲ್ಲಿ ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಜಜ್ಜದೆ ಇಡಿಯಾಗಿ ಹೊಂಬಣ್ಣ ಬರುವವರೆಗೆ ಹುರಿದು, ಎಸಳುಗಳನ್ನು ಎತ್ತಿ ಹಾಕಿ, ಆಮೇಲೆ ಸಾಸಿವೆ, ಕರಿಬೇವು, ಇಂಗು ಸಿಡಿಸಿದರೆ ಘಮ ಪೂರ್ತಿ ಸಿಗುತ್ತದೆ, ಹೊಟ್ಟೆಗೆ ಭಾರವಿಲ್ಲ. ಬೆಳ್ಳುಳ್ಳಿಯನ್ನು ಸಾರಿನಲ್ಲೇ ಕುದಿಸಿ ಆಮೇಲೆ ತೆಗೆದರೆ ಮಾತ್ರ ಪ್ರಯೋಜನವಿಲ್ಲ. ಇನ್ನೊಂದು ಬಸ್ಸಾರಿನ ವಿಷಯ. ಕಾಳನ್ನು ನೆನೆಸಿ ಬೇಯಿಸಿ ನೀರು ಬಸಿದು ಚೆಲ್ಲಿದರೆ ತೊಂದರೆ ಕೊಡುವ ಸಕ್ಕರೆಯ ಒಳ್ಳೆಯ ಪಾಲು ಆ ನೀರಿನೊಂದಿಗೇ ಹೋಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ನಮ್ಮಲ್ಲಿ ಆ ಬಸಿದ ಕಟ್ಟೇ ಸಾರು! ಕಟ್ಟನ್ನು ಉಳಿದವರಿಗೆ ಸಾರು ಮಾಡಿ, ಬಸಿದ ಕಾಳಿನ ಪಲ್ಯವನ್ನು ನಾನು ಸ್ವಲ್ಪ ತಿನ್ನಬೇಕು ಎಂದು ಅವರೇ ದಾರಿ ತೋರಿಸಿದರು. ಇಂಥ ಮಾತು ಯಾವ ಮುದ್ರಿತ ಹಾಳೆಯಲ್ಲೂ ಸಿಗದು.

ನಾಲ್ಕು ವಾರ ಜೇನು, ಸೇಬು, ಮಾವು, ಕಲ್ಲಂಗಡಿ ಬಿಟ್ಟೆ. ಕಿತ್ತಳೆ, ಸಕ್ಕರೆಗಳೆರಡೂ ಸರಿಸುಮಾರು ಸಮವಾಗಿರುವ ಬಾಳೆಹಣ್ಣು ಮುಂದುವರಿಸಿದೆ. ಎರಡನೆಯ ವಾರಕ್ಕೇ ಮಧ್ಯಾಹ್ನದ ಉಬ್ಬರ ಇಳಿಯಿತು. ಮರಳಿ ತಿನ್ನುವ ಹಂತದಲ್ಲಿ ಗೋಧಿ ಚಪಾತಿ ನನಗೆ ಏನೂ ಮಾಡಲಿಲ್ಲ, ಹಸಿ ಈರುಳ್ಳಿ ಆಗಲಿಲ್ಲ. ಊಟದ ಕೊನೆಗೆ ರಸಪುರಿಯ ಎರಡು ಹೋಳು ತಡೆಯುತ್ತದೆ, ಖಾಲಿ ಹೊಟ್ಟೆಗೆ ಒಂದು ಇಡೀ ಹಣ್ಣು ತಡೆಯುವುದಿಲ್ಲ. ಇಷ್ಟು ಗೆರೆ ಗೊತ್ತಾದದ್ದೇ ನನಗೆ ದೊಡ್ಡ ಬಿಡುಗಡೆ. ಈ ವರ್ಷ ಅಕ್ಕನ ಮನೆಗೆ ಹೆದರದೆ ಹೋಗಿ ಬಂದೆ.

ಪರೀಕ್ಷೆಗೆ 2,800 ರೂಪಾಯಿ, ಆಹಾರತಜ್ಞೆಯ ಪ್ರತಿ ಭೇಟಿಗೆ 700 ರೂಪಾಯಿ ಆಯಿತು. ಪರೀಕ್ಷೆಯ ಕೋಣೆಗೆ ನಾನು ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ, ವರದಿಗೆ ಎರಡು, ಆಹಾರ ಸಲಹೆಗೆ ಯಾರು ಸಿಗುತ್ತಾರೆ ಎಂಬುದರ ಮೇಲೆ ಒಂದೋ ಐದೋ. ಹಿರಿಯ ಆಹಾರತಜ್ಞೆ ಮಂಗಳವಾರ ಮತ್ತು ಶುಕ್ರವಾರ ಮಾತ್ರ ಇರುತ್ತಾರೆಂದು ನನಗೆ ತಡವಾಗಿ ತಿಳಿಯಿತು. ಎಲ್ಲಿಗೇ ಹೋಗುವವರೂ ನಮ್ಮ ಊಟ ಗೊತ್ತಿರುವವರು ಯಾವ ದಿನ ಸಿಗುತ್ತಾರೆ ಎಂದು ವಿಚಾರಿಸಿಯೇ ದಿನ ಗೊತ್ತುಮಾಡಿಕೊಳ್ಳಲಿ. ಕನ್ನಡದ ಸೂಚನಾ ಹಾಳೆಯ ಕರಡನ್ನು ನಾನೇ ಬರೆದು ಸಿಸ್ಟರ್ ಕೈಗೆ ಕೊಟ್ಟು ಬಂದಿದ್ದೇನೆ.

ಕೊನೆಯ ಭೇಟಿಯಲ್ಲಿ, ಬಂದದ್ದು ಬಂದಾಯಿತು, ಲ್ಯಾಕ್ಟೋಸ್ ಪರೀಕ್ಷೆಯನ್ನೂ ಮಾಡಿಸಿಬಿಡಲೇ ಎಂದು ವೈದ್ಯರನ್ನು ಕೇಳಿದೆ. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಕಡಿಮೆಯಾಗುವುದು ದಕ್ಷಿಣ ಭಾರತದವರಲ್ಲಿ ಸಾಮಾನ್ಯ, ಮೊಸರಿನಲ್ಲಿ ಆ ಕೆಲಸವನ್ನು ಅದರ ಬ್ಯಾಕ್ಟೀರಿಯಾಗಳೇ ಸ್ವಲ್ಪಮಟ್ಟಿಗೆ ಮಾಡಿಕೊಡುತ್ತವೆ ಎಂದು ಹೇಳಿ, ಮರುದಿನ ಬೆಳಗ್ಗೆ ಮನೆಯಲ್ಲೇ ಖಾಲಿ ಹೊಟ್ಟೆಗೆ ಒಂದು ದೊಡ್ಡ ಲೋಟ ಹಾಲು ಕುಡಿದು ಮಧ್ಯಾಹ್ನದವರೆಗೆ ನೋಡಲು ತಿಳಿಸಿದರು. ಏನೂ ಆಗಲಿಲ್ಲ. ಫೋನಿನಲ್ಲಿ ಹೇಳಿದಾಗ, ಹಾಗಾದರೆ ಪರೀಕ್ಷೆ ಬೇಡ, ಬರಬೇಡಿ ಎಂದರು.